ತಂಡಕ್ಕೆ ಸ್ವಂತದ ಆಟ ಕೊಡುವುದು: ಮಾಲೀಕರ ಪಾಲು, ಕೋಚ್ ಪಾಲು

ಕಾರವಾರದಲ್ಲಿ ಸಂಬಳ ಕೊಟ್ಟು ಫುಟ್‌ಬಾಲ್ ತಂಡ ಕಟ್ಟಲು ಹೊರಟವರು ಮೊದಲು ಜೆರ್ಸಿ ಹೊಲಿಸುತ್ತಾರೆ, ಆಮೇಲೆ ಕಾಳಿ ಸೇತುವೆ ದಾಟಿ ಗೋವಾಕ್ಕೆ ಹೋಗಿ ಹೆಸರಿರುವ ಸ್ಟ್ರೈಕರ್‌ನನ್ನು ಹುಡುಕುತ್ತಾರೆ. ಎರಡೂ ಕೊನೆಗೆ ಮಾಡಬೇಕಾದ ಕೆಲಸ. ಜೆರ್ಸಿ ಬದಲಾದರೂ ಆಟ ನೋಡಿಯೇ ಇದು ಯಾವ ತಂಡ ಎಂದು ಗೊತ್ತಾಗಬೇಕಾದರೆ, ಒಬ್ಬ ಆಟಗಾರನೂ ಬರುವ ಮೊದಲು ಮಾಲೀಕರೂ ಕೋಚೂ ಕೂತು ಒಂದು ಹಾಳೆ ಬರೆಯಬೇಕು.

ಹಾಳೆಯಲ್ಲಿ ನಾಲ್ಕು ಪ್ರಶ್ನೆಗೆ ಉತ್ತರವಿದ್ದರೆ ಸಾಕು. ಗೋಲಿಯ ಕೈಗೆ ಚೆಂಡು ಬಂದಾಗ ಗಿಡ್ಡ ಪಾಸೋ, ಉದ್ದ ಒದೆತವೋ? ಚೆಂಡು ಕಳೆದುಕೊಂಡ ಕೂಡಲೇ ಮೇಲೆರಗುವುದೋ, ಹಿಂದೆ ಸರಿದು ನಿಲ್ಲುವುದೋ? ಆಡುವ ಹನ್ನೊಂದರಲ್ಲಿ ಜಿಲ್ಲೆಯ ಹುಡುಗರು ಕನಿಷ್ಠ ಎಷ್ಟು? ಆಯ್ಕೆಯಲ್ಲಿ ಕೊನೆಯ ಮಾತು ಯಾರದು? ‘ಆಕರ್ಷಕ ಆಟ ಆಡುತ್ತೇವೆ’ ಎಂದು ಬರೆದರೆ ಹಾಳೆ ಖಾಲಿ ಇದ್ದಂತೆಯೇ ಲೆಕ್ಕ. ಅದನ್ನು ಇಟ್ಟುಕೊಂಡು ಯಾವ ಆಟಗಾರನನ್ನೂ ಬೇಡ ಎನ್ನಲು ಬರುವುದಿಲ್ಲ.

ಸ್ಥಳೀಯರ ಸಂಖ್ಯೆಯಲ್ಲಿ ಹುರುಪು ಬೇಡ. ಸ್ಪೇನಿನ ಅಥ್ಲೆಟಿಕ್ ಬಿಲ್ಬಾವೊ ಬಾಸ್ಕ್ ನಾಡಿನಲ್ಲಿ ಹುಟ್ಟಿದ ಅಥವಾ ಅಲ್ಲಿಯೇ ಆಟ ಕಲಿತವರನ್ನಷ್ಟೇ ನೂರು ವರ್ಷಕ್ಕೂ ಮೇಲ್ಪಟ್ಟು ಆಡಿಸುತ್ತ ಬಂದಿದೆ, ಮೇಲಿನ ದರ್ಜೆಯಿಂದ ಒಮ್ಮೆಯೂ ಕೆಳಗಿಳಿದಿಲ್ಲ. ಆದರೆ ಅವರ ಬೆನ್ನಿಗೆ ಹುಡುಗರಿಗೆ ಆಟ ಕಲಿಸುವ ಲೆಸಾಮಾದ ಅಕಾಡೆಮಿ ಇದೆ. ಅಂಥ ಅಕಾಡೆಮಿ ಇಲ್ಲದ ನಮ್ಮ ಕರಾವಳಿಯಲ್ಲಿ ನಾಲ್ವರಿಂದ ಶುರು ಮಾಡುವುದು ಸರಿ.

ಆ ನಾಲ್ವರನ್ನು ಆರಿಸುವಾಗಲೇ ಒಂದು ಬಲೆ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಕಾರವಾರದ ಮೀನುಗಾರಿಕಾ ಬಂದರು ಬೈತಖೋಲದ ಹುಡುಗರು ಆಗ ಬಿಡುವಾಗಿರುತ್ತಾರೆ, ಟ್ರಯಲ್‌ಗೆ ಜನವೋ ಜನ. ಆಗಸ್ಟ್‌ನಲ್ಲಿ ಬೋಟು ಹೊರಟಿತೆಂದರೆ ಅಭ್ಯಾಸಕ್ಕೆ ಅರ್ಧ ತಂಡವಿಲ್ಲ. ಬೋಟಿನಲ್ಲಿ ಸಿಗುವ ಪಾಲಿಗಿಂತ ಕಡಿಮೆಯಾಗದ ಸಂಬಳವನ್ನು ವರ್ಷದ ಹನ್ನೆರಡು ತಿಂಗಳಿಗೂ ಬರೆದುಕೊಡಿ. ಪಂದ್ಯಕ್ಕಿಷ್ಟು ಎಂದು ಕೊಟ್ಟರೆ ಯಾರೂ ಉಳಿಯುವುದಿಲ್ಲ.

ಆಟದ ರೀತಿ ಮೈದಾನಕ್ಕೆ ಒಗ್ಗಬೇಕು. ನೆಲಪಾಸಿನ ಆಟಕ್ಕೆ ಹುಲ್ಲು 25–30 ಮಿಲಿಮೀಟರ್ ಇರಬೇಕು, ಒಣ ದಿನ ಪಂದ್ಯಕ್ಕೆ ಮುಂಚೆ ನೀರು ಹೊಡೆಯಬೇಕು. ಶಿರಸಿ ಕಡೆಯ ಕೆಮ್ಮಣ್ಣಿನ ಮೈದಾನದಲ್ಲಿ ಬೇಸಿಗೆಗೆ ಚೆಂಡು ಅಡ್ಡಾದಿಡ್ಡಿ ಪುಟಿಯುತ್ತದೆ. ಕಾರವಾರದ ಮಳೆಗೆ ಪಾಸು ನೀರಲ್ಲಿ ಸಿಕ್ಕಿ ಅರ್ಧದಲ್ಲೇ ನಿಲ್ಲುತ್ತದೆ. ಹಾಗೆಂದು ಮಳೆಗಾಲಕ್ಕೆ ಬೇರೆಯೇ ಆಟ ಕಲಿಸಬೇಡಿ. ಮೊದಲ ಪಾಸನ್ನು ಮಾತ್ರ ಬದಲಿಸಿ: ಗಿಡ್ಡದರ ಬದಲು ವಿಂಗರ್ (ಮೈದಾನದ ಅಂಚಿನಲ್ಲಿ ಆಡುವವನು) ಕಡೆಗೆ ಉದ್ದ. ಚೆಂಡು ಬಿದ್ದ ಜಾಗಕ್ಕೆ ಎಲ್ಲರೂ ಮುತ್ತುವ ಕ್ರಮ ಹಾಗೇ ಇರಲಿ.

ಆ ಮುತ್ತಿಗೆ ಮೂಡುವುದು ಅಭ್ಯಾಸದಲ್ಲೇ, ಡ್ರೆಸಿಂಗ್ ರೂಮಿನ ಭಾಷಣದಿಂದಲ್ಲ. 40×30 ಮೀಟರ್ ಜಾಗ, ಎರಡು ಕಡೆ ಆರಾರು ಜನ ಮತ್ತು ಗೋಲಿ. ನಾಲ್ಕು ನಿಮಿಷದ ನಾಲ್ಕು ಸುತ್ತು, ನಡುವೆ ಎರಡು ನಿಮಿಷ ವಿಶ್ರಾಂತಿ. ಕಳೆದುಕೊಂಡ ಚೆಂಡನ್ನು ಆರು ಸೆಕೆಂಡಿನೊಳಗೆ ಕಿತ್ತು ಗೋಲು ಹೊಡೆದರೆ ಅದು ಎರಡಕ್ಕೆ ಸಮ. ಜಾಗ ದೊಡ್ಡದಾದರೆ ಯಾರೂ ಯಾರನ್ನೂ ಮುಟ್ಟಲಾರರು, ಹುಡುಗರು ‘ಇದು ನಡೆಯೋದಲ್ಲ’ ಎಂದು ತೀರ್ಮಾನಿಸಿಬಿಡುತ್ತಾರೆ. ಇನ್ನೊಂದು ಸಾಮಾನ್ಯ ತಪ್ಪು: ಹತ್ತಿರದವನೊಬ್ಬ ಓಡುತ್ತಾನೆ, ಉಳಿದವರು ನೋಡುತ್ತಾರೆ. ಎರಡನೆಯವನು ಪಾಸಿನ ದಾರಿ ಮುಚ್ಚಬೇಕು, ಡಿಫೆಂಡರ್‌ಗಳು ಮೇಲೆ ಬರಬೇಕು. ಪಂದ್ಯದಲ್ಲಿ ಹಿಂದಿನ ಸಾಲಿಗೂ ಸ್ಟ್ರೈಕರ್‌ಗೂ 30–35 ಮೀಟರ್‌ಗಿಂತ ಅಂತರ ಬೆಳೆದರೆ ನಡುವೆ ಎದುರಾಳಿಗೆ ರಾಜಮಾರ್ಗ. ಸಾಲು ಮೇಲೆ ಬಂದಾಗ ಗೋಲಿ ಗೋಲುಗಂಬದ ಬುಡದಲ್ಲಿ ನಿಂತಿದ್ದರೆ ತಲೆಮೇಲಿಂದ ಬಂದ ಒಂದೇ ಚೆಂಡಿಗೆ ಕತೆ ಮುಗಿಯುತ್ತದೆ. ಅವನು ಪೆನಾಲ್ಟಿ ಪೆಟ್ಟಿಗೆಯ ಅಂಚಿಗೆ ಬರಬೇಕು.

ಒಂದೇ ತಂಡದಲ್ಲಿ ಕೊಂಕಣಿ, ಕನ್ನಡ, ಮಲಯಾಳ, ಇಂಗ್ಲಿಷ್ ಇರುತ್ತವೆ. ಮೈದಾನದ ಕೂಗುಗಳು ಐದಾರೇ ಇರಲಿ, ಎಲ್ಲರಿಗೂ ಒಂದೇ ಇರಲಿ.

ಇನ್ನು ಮಾಲೀಕರು. ತಂಡದ ಛಾಪು ಹೆಚ್ಚಾಗಿ ಕೆಡುವುದು ಇಲ್ಲಿಯೇ. ಮೂರು ಪಂದ್ಯ ಸೋತರೆ ಕೋಚ್ ಮನೆಗೆ. ಹೊಸಬ ಬೇರೆ ಬಗೆಯ ಆಟಗಾರರನ್ನು ಕೇಳುತ್ತಾನೆ. ಎರಡು ವರ್ಷದಲ್ಲಿ ತಂಡದಲ್ಲಿ ಉಳಿಯುವುದು ಮೂವರು ಕೋಚ್‌ಗಳು ಬಿಟ್ಟುಹೋದ ಬೇರೆಬೇರೆ ಬಗೆಯ ಆಟಗಾರರು. ನೆರೆಯ ಗೋವಾವನ್ನೇ ನೋಡಿ. ಅಲ್ಲಿನ ಡೆಂಪೊ ಕ್ಲಬ್ಬಿನ ಮಾಲೀಕರು ಕೋಚ್ ಅರ್ಮಾಂಡೊ ಕೊಲಾಸೊ ಅವರನ್ನು ಹತ್ತು ವರ್ಷಕ್ಕೂ ಹೆಚ್ಚು ಉಳಿಸಿಕೊಂಡರು. 2004-05ರಿಂದ 2011-12ರೊಳಗೆ ಐದು ಬಾರಿ ರಾಷ್ಟ್ರೀಯ ಲೀಗ್ ಗೆದ್ದರು. ಅಲ್ಲಿಯದೇ ಇನ್ನೊಂದು ಕ್ಲಬ್ ಎಫ್‌ಸಿ ಗೋವಾ ಬೇರೆ ದಾರಿ ಹಿಡಿಯಿತು. 2017ರಲ್ಲಿ ಬಂದ ಕೋಚ್ ಸೆರ್ಜಿಯೊ ಲೊಬೆರಾ ಚೆಂಡು ಬಿಟ್ಟುಕೊಡದ ಆಟ ಕಟ್ಟಿದರು. 2020ರಲ್ಲಿ ಅವರು ಹೋದ ಮೇಲೆ, ಮುಂದಿನ ಋತುವಿಗೆ ಅದೇ ಬಗೆಯ ಆಟದ ಹುವಾನ್ ಫೆರಾಂಡೊ ಬಂದರು. ಕೋಚ್ ಬದಲಾದರೂ ಆಟದ ಬಗೆ ಬದಲಾಗಲಿಲ್ಲ.

ಆದ್ದರಿಂದ ಕೋಚ್ ಸಂದರ್ಶನಕ್ಕೆ ಕೂರುವಾಗ ಹಾಳೆ ಮೇಜಿನ ಮೇಲಿರಲಿ. ‘ಕಳೆದ ತಂಡದಲ್ಲಿ ಎಷ್ಟು ಗೆದ್ದಿರಿ’ ಎಂಬುದಕ್ಕಿಂತ, ಅವರ ಮೂರು ಪೂರ್ತಿ ಪಂದ್ಯಗಳ ವಿಡಿಯೊ ಕೇಳಿ, ಅದರಲ್ಲಿ ಒಂದಾದರೂ ಸೋತದ್ದಿರಲಿ. ಸೋಲುವಾಗ ಉದ್ದ ಒದೆತಕ್ಕೆ ಇಳಿದರೋ ಇಲ್ಲವೋ ಅಲ್ಲೇ ಕಾಣುತ್ತದೆ. ಕರಾರಿನಲ್ಲಿ ಎರಡು ಸಾಲು ಸೇರಿಸಿ: ಪಂದ್ಯದ ದಿನ ಮಾಲೀಕರು, ಅವರ ಮನೆಯವರು ಯಾರೂ ಬೆಂಚಿನ ಬಳಿ ಬರುವುದಿಲ್ಲ; ದಿನದಿನದ ಅಭ್ಯಾಸದ ಟಿಪ್ಪಣಿ, ಪಂದ್ಯದ ವಿಡಿಯೊ ಕ್ಲಬ್ಬಿನ ಆಸ್ತಿ, ಕೋಚ್ ಹೋಗುವಾಗ ಅವರ ಲ್ಯಾಪ್‌ಟಾಪಿನ ಜತೆ ಹೋಗುವಂತಿಲ್ಲ.