ಬಿಸಿಲಿನಾಗ ದುಡಿಯೋರು ಮೈ ಕಾಯ್ದುಕೊಳ್ಳುವ ಬಗೆ

ಯುಗಾದಿ ಕಳೆದು ರೋಹಿಣಿ ಮಳೆ ಬೀಳುವವರೆಗೆ ಗದಗ, ಹಾವೇರಿ ಕಡೆ ಹೊಲಕ್ಕೆ ಹೋಗುವವರು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲರು, ಹುಬ್ಬಳ್ಳಿಯಲ್ಲಿ ಸ್ಲ್ಯಾಬ್ ಹಾಕುವ ಗೌಂಡಿಗಳು ಮನೆಯಲ್ಲಿ ಕೂತರೆ ಒಲೆ ಉರಿಯುವುದಿಲ್ಲ. ಅವರಿಗೆ ‘ಹೊರಗೆ ಹೋಗಬೇಡಿ’ ಎನ್ನುವ ಉಪದೇಶ ಬೇಡ, ಹೋಗುವ ರೀತಿ ಬೇಕು.

ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರ ಹಿಡಿಯುತ್ತದೆ. ಒಗ್ಗಿದ ಮೈ ಬೇಗ ಬೆವರುತ್ತದೆ, ಆ ಬೆವರಿನಲ್ಲಿ ಉಪ್ಪೂ ಕಡಿಮೆ ಹೋಗುತ್ತದೆ. ಹೊಸದಾಗಿ ಕೂಲಿಗೆ ಬಂದವರು, ಜ್ವರದಿಂದ ಎದ್ದವರು ಮೊದಲ ದಿನವೇ ಪೂರ್ತಿ ದುಡಿದರೆ ಅಪಾಯ. ಮೊದಲ ದಿನ ಐದರಲ್ಲಿ ಒಂದು ಪಾಲು ಹೊತ್ತು, ಆಮೇಲೆ ದಿನಕ್ಕೊಂದು ಪಾಲು ಏರಿಸಿ. ಇದಕ್ಕಾಗಿ ಪಗಾರ ಕಡಿಯಬಾರದು. ಅದು ಕೆಲಸ ಮಾಡಿಸುವವರ ಹೊಣೆ. ಭಾರದ ಕೆಲಸವನ್ನು 11 ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ಸಂಜೆ 4ರ ಮೇಲೆ ಹಿಡಿಯಿರಿ.

ನೀರಡಿಕೆಯಾಗಲಿ ಎಂದು ಕಾಯದೆ 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಿರಿ. ಗಂಟೆಗೆ ಒಂದೂವರೆ ಲೀಟರ್ ಮೀರಬೇಡಿ. ಬೆವರಿನಲ್ಲಿ ಉಪ್ಪು ಹೋಗಿರುವಾಗ ಬರೀ ನೀರನ್ನೇ ತುಂಬಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆನೋವು, ವಾಕರಿಕೆ ಬರುತ್ತವೆ. ಮೂತ್ರ ಗಾಢ ಹಳದಿಯಾದರೆ ನೀರು ಸಾಲುತ್ತಿಲ್ಲ ಎಂದರ್ಥ.

ನೀರಿನ ಜೊತೆಗೆ ಜೋಳದ ಅಂಬಲಿಗಿಂತ ಒಳ್ಳೆಯದು ನಮ್ಮ ಕಡೆ ಇನ್ನೊಂದಿಲ್ಲ. ಎರಡು ದೊಡ್ಡ ಚಮಚ ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ (ಬಿಸಿ ನೀರಿಗೆ ನೇರವಾಗಿ ಹಾಕಿದರೆ ಗಂಟು ಕಟ್ಟುತ್ತದೆ), ಕುದಿಯುವ ಅರ್ಧ ಲೀಟರ್ ನೀರಿಗೆ ಸುರಿದು ಐದಾರು ನಿಮಿಷ ತಿರುವಿ. ಪೂರ್ತಿ ಆರಿದ ಮೇಲೆಯೇ ಅರ್ಧ ಲೀಟರ್ ಮಜ್ಜಿಗೆ, ಅರ್ಧ ಚಹಾ ಚಮಚ ಉಪ್ಪು, ಜಜ್ಜಿದ ಬಳ್ಳೊಳ್ಳಿ ಸೇರಿಸಿ; ಬಿಸಿ ಇರುವಾಗ ಹಾಕಿದರೆ ಮಜ್ಜಿಗೆ ಒಡೆಯುತ್ತದೆ. ಬಿಪಿ, ಕಿಡ್ನಿ ತೊಂದರೆ ಇದ್ದವರು ಉಪ್ಪಿನ ಬಗ್ಗೆ ಡಾಕ್ಟರನ್ನು ಕೇಳಿ.

ಮಣ್ಣಿನ ಹರವಿಯ ನೀರು ತಣ್ಣಗಾಗುವುದು ಅದರ ಮೈಯಿಂದ ಜಿನುಗಿ ಆರುವುದರಿಂದ. ಹಾಗಾಗಿ ಅದನ್ನು ಮೂಲೆಯಲ್ಲಿ ಮುಚ್ಚಿಡದೆ, ಗಾಳಿಯಾಡುವ ನೆರಳಿನಲ್ಲಿ ಒದ್ದೆ ಉಸುಕಿನ ಮೇಲೆ ಇಡಿ. ಬೋರಿನ ಗಡುಸು ನೀರಿಗೆ ಸಣ್ಣ ರಂಧ್ರಗಳು ಕಟ್ಟಿಕೊಳ್ಳುತ್ತವೆ. ‘ಹಳೇ ಹರವಿ ತಂಪು ಮಾಡುವುದಿಲ್ಲ’ ಎನ್ನುವುದು ಇದಕ್ಕೇ. ತೆಂಗಿನ ನಾರಿನಿಂದ ಒಳಗೂ ಹೊರಗೂ ತಿಕ್ಕಿ. ಸೋಪು ಹಚ್ಚಬೇಡಿ, ಮಣ್ಣು ಅದನ್ನು ಹೀರಿ ನೀರಿಗೆ ಬಿಡುತ್ತದೆ. ಹೊಲಕ್ಕೆ ಒಯ್ಯುವ ಕ್ಯಾನಿಗೆ ಒದ್ದೆ ಗೋಣಿಚೀಲ ಸುತ್ತಿದರೂ ಇದೇ ರೀತಿ ತಂಪಾಗುತ್ತದೆ.

ಸ್ಲ್ಯಾಬಿನ ಮನೆ ಹಗಲು ಕುಡಿದ ಬಿಸಿಲನ್ನು ರಾತ್ರಿ ಬಿಡುತ್ತದೆ. ಮಾಳಿಗೆಗೆ ಎರಡು ಕೈ ಬಿಳಿ ಸುಣ್ಣ ಹೊಡೆಯಿರಿ, ಅದೂ ಸಂಜೆ ಹೊತ್ತಿನಲ್ಲಿ. ಬಿಸಿಲಲ್ಲಿ ಹೊಡೆದರೆ ಬೇಗ ಒಣಗಿ ಪುಡಿಯಾಗಿ ಉದುರುತ್ತದೆ. ಕೂಲರ್ ಹಚ್ಚಿದಾಗ ಎದುರಿನ ಕಿಟಕಿ ತೆರೆದಿರಲಿ, ಇಲ್ಲವಾದರೆ ಕೋಣೆಯಲ್ಲಿ ತೇವ ತುಂಬಿ ಬೆವರು ಆರುವುದೇ ನಿಲ್ಲುತ್ತದೆ.

ತಲೆಸುತ್ತು, ಕಾಲು ಹಿಡಿಯುವುದು, ವಾಂತಿ ಬಂದಂತಾಗುವುದು ಮೊದಲ ಎಚ್ಚರಿಕೆ. ಕೆಲಸ ಬಿಟ್ಟು ನೆರಳಿಗೆ ಬನ್ನಿ. ಜೊತೆಗಾರರು ತೊದಲಿದರೆ, ತೂರಾಡಿದರೆ, ಸಂಬಂಧವಿಲ್ಲದ ಮಾತಾಡಿದರೆ, ಎಚ್ಚರ ತಪ್ಪಿದರೆ ಅದು ಬಿಸಿಲು ಬಡಿದದ್ದು. ಒಳಮೈ ಕಾವು 40 ಡಿಗ್ರಿ ದಾಟಿರುತ್ತದೆ. ‘ಇನ್ನೂ ಬೆವರುತ್ತಿದ್ದಾನೆ, ಏನೂ ಆಗಿಲ್ಲ’ ಎಂದು ಸುಮ್ಮನಿರಬೇಡಿ. ದುಡಿಯುವಾಗ ಬಿಸಿಲು ಬಡಿದವರ ಮೈ ಒದ್ದೆಯಾಗಿಯೇ ಇರಬಹುದು.

ಒಬ್ಬರು 108ಕ್ಕೆ ಫೋನ್ ಹಚ್ಚಿ. ಉಳಿದವರು ನೆರಳಿಗೆ ಹೊತ್ತು, ಅಂಗಿ ಬಿಚ್ಚಿ, ಇದ್ದಬದ್ದ ನೀರನ್ನು ತಲೆಯಿಂದ ಕಾಲಿನವರೆಗೆ ಸುರಿಯುತ್ತಲೇ ಟವೆಲ್ಲಿನಿಂದ ಜೋರಾಗಿ ಗಾಳಿ ಹಾಕಿ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಮೊದಲ ಅರ್ಧ ಗಂಟೆಯಲ್ಲಿ ಕಾವು ಇಳಿಸುವುದರ ಮೇಲೆಯೇ ಜೀವ ನಿಂತಿದೆ. ಎಚ್ಚರವಿಲ್ಲದವರ ಬಾಯಿಗೆ ಹನಿ ನೀರೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಜ್ವರದ ಗುಳಿಗೆ ಈ ಕಾವಿಗೆ ಕೆಲಸ ಮಾಡುವುದಿಲ್ಲ. ಬಿಸಿಲು ಬಡಿಯದಿರಲಿ ಎಂದು ಕಿಸೆಯಲ್ಲಿಟ್ಟುಕೊಳ್ಳುವ ಉಳ್ಳಾಗಡ್ಡಿಯೂ ಉಳಿಸುವುದಿಲ್ಲ. ಗಾಡಿ ಬಂದ ಮೇಲೂ ನೀರಿನ ಕೊಡವನ್ನು ಒಳಗಿಟ್ಟುಕೊಂಡು ಆಸ್ಪತ್ರೆ ಬಾಗಿಲವರೆಗೆ ಮೈ ಒದ್ದೆ ಮಾಡುತ್ತಲೇ ಹೋಗಿ.