ಹೊಸ ಮತದಾರರಿಗಾಗಿ ಬಲಪಂಥೀಯ ರಾಜಕೀಯ ವಿಶ್ಲೇಷಣೆ: ನಾನು ಬರೆಯುವ ಕ್ರಮ

ರಾಜ್ಯ ರಾಜಕೀಯದ ಬಗ್ಗೆ ನಾನು ಬರೆಯುವುದು ಬಲಪಂಥೀಯ ನಿಲುವಿನಿಂದ. ಸರ್ಕಾರದ ಸಾಲಕ್ಕೆ ಮಿತಿ ಇರಬೇಕು, ನೇಮಕಾತಿಯಲ್ಲಿ ಅರ್ಹತೆ ಗೆಲ್ಲಬೇಕು, ದೇವಸ್ಥಾನ, ಪಂಚಾಯಿತಿಯಂಥ ಹಳೆಯ ಸಂಸ್ಥೆಗಳ ಮೇಲೆ ಕೈಹಾಕುವ ಮುನ್ನ ವಿಧಾನಸೌಧ ಎರಡು ಸಲ ಯೋಚಿಸಬೇಕು. ನನ್ನ ನಿಲುವು ಇಷ್ಟೇ, ಅದನ್ನು ಬರಹದ ಆರಂಭದಲ್ಲೇ ಹೇಳಿಬಿಡುತ್ತೇನೆ. ತಟಸ್ಥನ ವೇಷ ಹಾಕಿದರೆ ಇಪ್ಪತ್ತರ ಹುಡುಗ ಹುಡುಗಿಯರು ಮೂರನೇ ಸಾಲಿಗೇ ಕಂಡುಹಿಡಿಯುತ್ತಾರೆ.

ಈ ಓದುಗರಿಗೆ 2018ರ ಚುನಾವಣೆಯೂ ಶಾಲಾ ದಿನಗಳ ಸುದ್ದಿ. ಹಾಗಾಗಿ ಹಳೆಯ ನಾಯಕರ ಹೆಸರು, ಪಕ್ಷಾಂತರದ ಕಥೆ, ರೆಸಾರ್ಟ್ ರಾಜಕಾರಣ ಇವುಗಳಿಂದ ಶುರು ಮಾಡುವುದಿಲ್ಲ. ಪರೀಕ್ಷೆ, ಬಸ್ ದರ, ಪೆಟ್ರೋಲ್, ಮೊದಲ ಕೆಲಸ ಇವುಗಳಲ್ಲಿ ಒಂದರಿಂದ ಶುರು ಮಾಡಿ ಬಜೆಟ್‌ಗೆ ಬರುತ್ತೇನೆ.

ಬಜೆಟ್ ಭಾಷಣವನ್ನು ಓದುವುದು ಕೊನೆಯಲ್ಲಿ. ಮೊದಲು ಆರ್ಥಿಕ ಇಲಾಖೆಯ ಜಾಲತಾಣದಿಂದ ಆಯವ್ಯಯದ ಸಂಕ್ಷಿಪ್ತ ನೋಟವನ್ನೂ ಮಧ್ಯಮಾವಧಿ ವಿತ್ತೀಯ ಯೋಜನೆಯನ್ನೂ ಇಳಿಸಿಕೊಳ್ಳಬೇಕು. ಅದರಿಂದ ಐದು ಅಂಕಿ ಸಾಕು: ಒಟ್ಟು ಗಾತ್ರ, ರಾಜಸ್ವ ಸ್ವೀಕೃತಿ (ತೆರಿಗೆ ಮುಂತಾದ ವರಮಾನ), ರಾಜಸ್ವ ವೆಚ್ಚ (ನಿತ್ಯದ ಖರ್ಚು), ಬಂಡವಾಳ ವೆಚ್ಚ (ರಸ್ತೆ, ನೀರಾವರಿಯಂಥ ಆಸ್ತಿಗೆ ಹಾಕುವ ಹಣ), ಸಾಲ. 2025-26ರ ಆಯವ್ಯಯದಲ್ಲಿ ಒಟ್ಟು ಗಾತ್ರ 4,09,549 ಕೋಟಿ ರೂಪಾಯಿ. ರಾಜಸ್ವ ಸ್ವೀಕೃತಿ 2,92,477 ಕೋಟಿ, ರಾಜಸ್ವ ವೆಚ್ಚ 3,11,739 ಕೋಟಿ. ಕಳೆದರೆ ಬರುವ 19,262 ಕೋಟಿಯೇ ರಾಜಸ್ವ ಕೊರತೆ. ಬಂಡವಾಳ ವೆಚ್ಚ 71,336 ಕೋಟಿ, ಹೊಸ ಸಾಲ 1,16,000 ಕೋಟಿ.

ಇಲ್ಲಿ ನಮ್ಮವರೇ ಹೆಚ್ಚು ಎಡವುತ್ತಾರೆ. ಒಟ್ಟು ಸಾಲವನ್ನು ಜನಸಂಖ್ಯೆಯಿಂದ ಭಾಗಿಸಿ ‘ನಿಮ್ಮ ತಲೆಯ ಮೇಲೆ ಇಷ್ಟು ಸಾಲ’ ಎಂದು ಫಾರ್ವರ್ಡ್ ಮಾಡಿಬಿಡುತ್ತಾರೆ. ಅರ್ಥಶಾಸ್ತ್ರ ಓದುತ್ತಿರುವ ಒಬ್ಬ ವಿದ್ಯಾರ್ಥಿ ಸಾಕು ಅದನ್ನು ಕೆಡವಲು: ನೀರಾವರಿಗೆ, ರಸ್ತೆಗೆ ಮಾಡಿದ ಸಾಲ ಆಸ್ತಿಯಾಗಿ ಉಳಿಯುತ್ತದಲ್ಲ? ಆದ್ದರಿಂದ ನಾನು ಹಿಡಿಯುವುದು ರಾಜಸ್ವ ಕೊರತೆಯನ್ನು. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನದಂಥ ನಿತ್ಯದ ಖರ್ಚಿಗೇ ವರಮಾನ ಸಾಲುತ್ತಿಲ್ಲ ಎಂಬುದಕ್ಕೆ ಅದು ನೇರ ಸಾಕ್ಷಿ. ಕರ್ನಾಟಕ 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿಕೊಂಡ ರಾಜ್ಯ. ಈ ವಿಷಯದಲ್ಲಿ ದೇಶಕ್ಕೇ ಮೊದಲು. ರಾಜಸ್ವ ಕೊರತೆ ಇರಕೂಡದು, ವಿತ್ತೀಯ ಕೊರತೆ (ಸಾಲದಿಂದ ತುಂಬಬೇಕಾದ ಒಟ್ಟು ಕೊರತೆ) ರಾಜ್ಯದ ಆಂತರಿಕ ಉತ್ಪನ್ನದ (ಜಿಎಸ್‌ಡಿಪಿ) ಶೇ 3ನ್ನೂ ಒಟ್ಟು ಹೊಣೆಗಾರಿಕೆ (ತೀರಿಸಲು ಬಾಕಿಯಿರುವ ಸಾಲ) ಶೇ 25ನ್ನೂ ದಾಟಕೂಡದು ಎನ್ನುತ್ತದೆ ಆ ಕಾಯ್ದೆ. 2025-26ರ ಅಂದಾಜಿನಲ್ಲಿ ವಿತ್ತೀಯ ಕೊರತೆ ಶೇ 2.95, ಹೊಣೆಗಾರಿಕೆ ಶೇ 24.91. ಎರಡೂ ಮಿತಿಯೊಳಗಿವೆ, ಆದರೆ ಗಡಿಗೆ ತಾಗಿಕೊಂಡಿವೆ. ರಾಜಸ್ವ ಕೊರತೆಯಂತೂ ಮಿತಿ ದಾಟಿದೆ. ಹೀಗೆ ಮೂರನ್ನೂ ಹೇಳಿದರೆ ವಾದ ನಿಲ್ಲುತ್ತದೆ. ಮೊದಲ ಎರಡನ್ನು ಮುಚ್ಚಿಟ್ಟರೆ ಮೂರನೆಯದನ್ನೂ ಯಾರೂ ನಂಬುವುದಿಲ್ಲ.

ಇನ್ನೊಂದು ಎಚ್ಚರ. ಅಂದಾಜು, ಪರಿಷ್ಕೃತ ಅಂದಾಜು, ಅಂತಿಮ ಲೆಕ್ಕ ಬೇರೆಬೇರೆ ಅಂಕಣಗಳು. ಒಂದು ವರ್ಷದ ಅಂದಾಜನ್ನು ಇನ್ನೊಂದು ವರ್ಷದ ಅಂತಿಮ ಲೆಕ್ಕದ ಜೊತೆ ಹೋಲಿಸಿದರೆ ಇಲ್ಲದ ಏರಿಕೆ ಇಳಿಕೆ ಕಾಣುತ್ತವೆ. 2023ರ ಫೆಬ್ರವರಿಯಲ್ಲಿ ಬಸವರಾಜ ಬೊಮ್ಮಾಯಿ ಮಂಡಿಸಿದ್ದು 402 ಕೋಟಿ ರಾಜಸ್ವ ಹೆಚ್ಚುವರಿಯ ಬಜೆಟ್, ಅದೇ ವರ್ಷದ ಜುಲೈನಲ್ಲಿ ಸಿದ್ದರಾಮಯ್ಯ ಮಂಡಿಸಿದ್ದು 12,522 ಕೋಟಿ ರಾಜಸ್ವ ಕೊರತೆಯದು. ಇದನ್ನು ನಾನು ಬಳಸುತ್ತೇನೆ, ಆದರೆ ಮೊದಲನೆಯದು ಚುನಾವಣೆಯ ಹೊಸ್ತಿಲಲ್ಲಿ ಮಾಡಿದ ಅಂದಾಜು ಎಂಬ ಮಾತನ್ನು ಅದೇ ವಾಕ್ಯದಲ್ಲಿ ಸೇರಿಸುತ್ತೇನೆ.

ಗ್ಯಾರಂಟಿಗಳ ವಿಷಯಕ್ಕೆ ಬಂದರೆ ‘ಬಿಟ್ಟಿ ಭಾಗ್ಯ’ ಎಂಬ ಪದವನ್ನು ಸಂಪೂರ್ಣ ಕೈಬಿಡಬೇಕು. ಓದುಗನ ತಾಯಿಗೆ ತಿಂಗಳಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿರುತ್ತದೆ, ತಂಗಿ 2023ರ ಜೂನ್ 11ರಿಂದ ಬಸ್ಸಿಗೆ ದುಡ್ಡು ಕೊಡದೆ ಕಾಲೇಜಿಗೆ ಹೋಗುತ್ತಿರುತ್ತಾಳೆ. ಆ ಪದ ಅವರಿಬ್ಬರನ್ನೂ ಭಿಕ್ಷುಕರೆಂದು ಕರೆದಂತೆ. ನಾನು ಮೊದಲು ಪ್ರಯೋಜನವನ್ನು ಒಪ್ಪಿಕೊಂಡು ಬರೆಯುತ್ತೇನೆ: ದಿನಗೂಲಿಯ ಹೆಂಗಸಿಗೆ ಉಚಿತ ಪ್ರಯಾಣ ನಿಜವಾದ ಉಳಿತಾಯ. ಆಮೇಲೆ ಪ್ರಶ್ನೆ. ಐದು ಗ್ಯಾರಂಟಿಗಳಿಗೆ 2025-26ರಲ್ಲಿ ಇಟ್ಟಿದ್ದು 51,034 ಕೋಟಿ, ಅಂದರೆ ಬಜೆಟ್ಟಿನ ಎಂಟನೇ ಒಂದು ಪಾಲು. ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವ ಮನೆಗಳನ್ನು ಬಿಟ್ಟರೆ ಗೃಹಲಕ್ಷ್ಮಿ ಬಹುತೇಕ ಎಲ್ಲ ಪಡಿತರ ಚೀಟಿದಾರ ಮನೆಗಳಿಗೂ ಸಿಗುತ್ತದೆ; ನಿಜಕ್ಕೂ ಬಡವರಾದವರಿಗೆ ಮಾತ್ರ ಕೊಟ್ಟು ಉಳಿದದ್ದನ್ನು ಸರ್ಕಾರಿ ಶಾಲೆಯ ಕಟ್ಟಡಕ್ಕೆ ಹಾಕಬಾರದೇಕೆ? ನಿರುದ್ಯೋಗಿ ಪದವೀಧರರಿಗೆ ಯುವನಿಧಿ ತಿಂಗಳಿಗೆ 3,000 ರೂಪಾಯಿ ಕೊಡುವುದು ಹೆಚ್ಚೆಂದರೆ ಎರಡು ವರ್ಷ. ಮೂರನೇ ವರ್ಷಕ್ಕೆ ಕೆಲಸ ಎಲ್ಲಿಂದ ಬರುತ್ತದೆ?

ಬೆಲೆಯೇರಿಕೆ ಬರೆಯುವಾಗ ಯಾರ ಅಧಿಕಾರದ ದರ ಎಂಬುದನ್ನು ಮೊದಲು ನೋಡಬೇಕು. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ ಏರಿದ್ದು ರಾಜ್ಯದ ತೀರ್ಮಾನ. 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿದ್ದೂ ರಾಜ್ಯದ್ದೇ. ಆದರೆ ಮುಂದಿನ ತಿಂಗಳು ಏರಿದ ನಮ್ಮ ಮೆಟ್ರೋ ದರವನ್ನು ಈ ಪಟ್ಟಿಗೆ ಹಾಗೇ ಸೇರಿಸುವಂತಿಲ್ಲ. ಅದನ್ನು ಶಿಫಾರಸು ಮಾಡಿದ್ದು ಕೇಂದ್ರದ ಕಾಯ್ದೆಯಡಿ ರಚನೆಯಾದ ದರ ನಿಗದಿ ಸಮಿತಿ, ನಿಗಮದಲ್ಲಿ ಕೇಂದ್ರ ಮತ್ತು ರಾಜ್ಯದ್ದು ಸಮಪಾಲು. ‘ಗ್ಯಾರಂಟಿಯಿಂದಲೇ ಬೆಲೆ ಏರಿತು’ ಎಂದು ಬರೆಯುವುದಿಲ್ಲ. ಹಾಗೆ ಸಾಬೀತು ಮಾಡುವ ದಾಖಲೆ ನನ್ನ ಕೈಯಲ್ಲಿಲ್ಲ. ದಿನಾಂಕಗಳನ್ನು ಅಕ್ಕಪಕ್ಕ ಇಟ್ಟು ತೀರ್ಮಾನವನ್ನು ಓದುಗರಿಗೇ ಬಿಡುತ್ತೇನೆ.

ನೇಮಕಾತಿಯಷ್ಟು ತಟ್ಟುವ ವಿಷಯ ಇನ್ನೊಂದಿಲ್ಲ. ಧಾರವಾಡದ, ಬೆಂಗಳೂರಿನ ವಿಜಯನಗರದ ಕೋಚಿಂಗ್ ಕೇಂದ್ರಗಳಲ್ಲಿ ಕೂತವರಿಗೆ ಸರ್ಕಾರ ಎಂದರೆ ಮೊದಲು ಅಧಿಸೂಚನೆ, ಹಾಲ್ ಟಿಕೆಟ್, ಕೀ ಉತ್ತರ. ಇಲ್ಲಿ ಬಲಪಂಥದ ಮೂಲ ಮಾತಾದ ಅರ್ಹತೆಯನ್ನು ಉಪದೇಶವಿಲ್ಲದೆ ಹೇಳಬಹುದು, ಒಂದು ಷರತ್ತಿನ ಮೇಲೆ: ಎರಡೂ ಸರ್ಕಾರಗಳಿಗೆ ಒಂದೇ ಅಳತೆಗೋಲು. 2024ರ ಆಗಸ್ಟ್ 27ರಂದು ಕೆಪಿಎಸ್‌ಸಿ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ನಡೆಸಿದ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಸಬೇಕಾಯಿತು. ಕನ್ನಡ ಮಾಧ್ಯಮದ ಹಳ್ಳಿಯ ಅಭ್ಯರ್ಥಿಗೆ ಆದ ಅನ್ಯಾಯ ಅದು, ಕಾಂಗ್ರೆಸ್ ಆಡಳಿತದಲ್ಲಿ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಓಎಂಆರ್ ಉತ್ತರ ಹಾಳೆಗಳನ್ನೇ ತಿದ್ದಿದ ಆರೋಪ ಬಂದು ಹಿರಿಯ ಪೊಲೀಸ್ ಅಧಿಕಾರಿಯೊಬ್ಬರ ಬಂಧನವೂ ಆಗಿ, ಫಲಿತಾಂಶ ರದ್ದಾಗಿ, ಮರುಪರೀಕ್ಷೆ ನಡೆದಿದ್ದು 2024ರ ಜನವರಿಯಲ್ಲಿ. ಅದು ಬಿಜೆಪಿ ಆಡಳಿತದ ಕಾಲದ ಹಗರಣ. ಮೊದಲನೆಯದನ್ನು ಬರೆದು ಎರಡನೆಯದನ್ನು ಬಿಡುವ ಲೇಖಕನನ್ನು ಅಭ್ಯರ್ಥಿಗಳು ಮತ್ತೆ ಓದುವುದಿಲ್ಲ, ಓದಲೂ ಬಾರದು. ಆ ವರ್ಷಗಳಲ್ಲಿ ಎಷ್ಟೋ ಮಕ್ಕಳ ವಯೋಮಿತಿ ಮೀರಿಹೋಯಿತು.

ದೇವಸ್ಥಾನದ ವಿಷಯದಲ್ಲಿ ಭಾವನೆ ಬೇಗ ಕುದಿಯುತ್ತದೆ, ಅದಕ್ಕೇ ಮಸೂದೆಯ ಪಠ್ಯವನ್ನೇ ಓದಬೇಕು. ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯ್ದೆಗೆ ತಂದ 2024ರ ತಿದ್ದುಪಡಿ ಮಸೂದೆ ವಾರ್ಷಿಕ ಆದಾಯ 1 ಕೋಟಿ ಮೀರಿದ ದೇವಾಲಯಗಳಿಂದ ಶೇ 10, 10 ಲಕ್ಷದಿಂದ 1 ಕೋಟಿವರೆಗಿನವುಗಳಿಂದ ಶೇ 5 ಸಾಮಾನ್ಯ ಸಂಗ್ರಹಣಾ ನಿಧಿಗೆ ಹೋಗಬೇಕೆಂದಿತು. ಹಣ ಬೇರೆ ಧರ್ಮದವರಿಗೆ ಹೋಗುತ್ತದೆ ಎಂಬ ಪ್ರಚಾರ ತಪ್ಪು. ನಿಧಿ ಇರುವುದು ಬಡ ದೇವಾಲಯಗಳಿಗಾಗಿ. ಆ ಹಸಿ ಸುಳ್ಳಿನಿಂದ ಗಟ್ಟಿಯಾದ ಆಕ್ಷೇಪವೇ ಹಿಂದೆ ಸರಿಯಿತು: ಭಕ್ತರು ಕೊಟ್ಟದ್ದನ್ನು ಎಲ್ಲಿಗೆ ಹಂಚಬೇಕೆಂದು ತೀರ್ಮಾನಿಸುವ ಅಧಿಕಾರ ಮುಜರಾಯಿ ಇಲಾಖೆಗೇಕೆ, ಊರಿನ ಆಡಳಿತ ಮಂಡಳಿಗೇಕಲ್ಲ? ಮಸೂದೆ ಪರಿಷತ್ತಿನಲ್ಲಿ ಬಿದ್ದು, ವಿಧಾನಸಭೆಯಲ್ಲಿ ಮತ್ತೆ ಅಂಗೀಕಾರವಾಗಿ, ರಾಜ್ಯಪಾಲರಿಂದ ವಾಪಸು ಬಂತು.

ನಮ್ಮೊಳಗೇ ಒಮ್ಮತವಿಲ್ಲದ ವಿಷಯಗಳನ್ನು ಹಾಗೆಂದೇ ಬರೆಯುತ್ತೇನೆ. ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ 2024ರ ಜುಲೈನ ಮಸೂದೆ, ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಎಂದಿತ್ತು. ಕೆಲವೇ ದಿನಗಳಲ್ಲಿ ತಡೆಹಿಡಿಯಲಾಯಿತು. ಉದ್ಯಮದ ಸ್ವಾತಂತ್ರ್ಯ ಮುಖ್ಯ ಎನ್ನುವ ನಾನು ಅದನ್ನು ಒಪ್ಪಲಿಲ್ಲ, ನನ್ನ ಹಾಗೆಯೇ ಯೋಚಿಸುವ ಅನೇಕ ಕನ್ನಡಿಗರು ಒಪ್ಪಿದರು. ಕೇಂದ್ರದ ತೆರಿಗೆಯಲ್ಲಿ ರಾಜ್ಯಕ್ಕೆ ಬರುವ ಪಾಲಿನದ್ದೂ ಇದೇ ಕಥೆ. 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದ ಕರ್ನಾಟಕದ ಪಾಲು 15ನೆಯದರಲ್ಲಿ ಶೇ 3.647ಕ್ಕೆ ಇಳಿದದ್ದು ನಷ್ಟವೇ. ಕೇಂದ್ರದಲ್ಲಿ ಯಾರಿದ್ದಾರೆ ಎಂದು ನೋಡಿ ಅದನ್ನು ನುಂಗಿಕೊಂಡರೆ ಸ್ಥಳೀಯ ಅಧಿಕಾರದ ಬಗ್ಗೆ ನಾವು ಆಡುವ ಮಾತಿಗೆ ಅರ್ಥವಿರುವುದಿಲ್ಲ.

ರೂಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೇಖನ 600 ಪದ, ರೀಲ್ 75 ಸೆಕೆಂಡು, ಒಂದು ರೀಲ್‌ಗೆ ಒಂದೇ ಅಂಕಿ. ಮೊದಲ ವಾಕ್ಯದಲ್ಲೇ ಆ ಅಂಕಿ ಬರಬೇಕು, ತೆರೆಯ ಮೇಲೆ ಮೂಲ ದಾಖಲೆಯ ಪುಟ ಕಾಣಬೇಕು. ‘ಯುವಕರೇ ಎಚ್ಚೆತ್ತುಕೊಳ್ಳಿ’ ಬೇಡ. ಅವರ ಆಡುಭಾಷೆಯನ್ನು ಅನುಕರಿಸುವುದೂ ಬೇಡ, ಸಹಜವಾದ ‘ನೀವು’ ಸಾಕು. ಸದನದ ಪ್ರಶ್ನೋತ್ತರಗಳು ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತವೆ. ತಾಲ್ಲೂಕಿನ ಮಟ್ಟದ ಅಂಕಿಗೆ ಅವು ಒಳ್ಳೆಯ ಗಣಿ. ಅಲ್ಲಿಲ್ಲದ್ದಕ್ಕೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಆದರೆ ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಮೂರು ಇಲಾಖೆಗಳ ಪ್ರಶ್ನೆಗಳನ್ನು ಒಂದರಲ್ಲೇ ತುಂಬಿದರೆ ತಿರಸ್ಕಾರವಾಗುತ್ತದೆ.

ಚುನಾವಣೆ ಘೋಷಣೆಯಾದ ಮೇಲೆ ಕಾನೂನಿನ ಕಡೆ ಗಮನ ಬೇಕು. ಅಭ್ಯರ್ಥಿಯ ಲಿಖಿತ ಅನುಮತಿ ಇಲ್ಲದೆ ಅವರ ಪರ ದುಡ್ಡು ಕೊಟ್ಟು ಪೋಸ್ಟ್ ಬೂಸ್ಟ್ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 176ನೇ ಕಲಂ ಅನ್ವಯವಾಗುತ್ತದೆ. ಕರಪತ್ರ ಅಚ್ಚು ಹಾಕಿಸಿದರೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮುಂಚಿನಿಂದ ಪ್ರಚಾರದ ವಿಡಿಯೊ ಹಾಕುವುದಿಲ್ಲ. ಜಾತಿ, ಧರ್ಮದ ಹೆಸರಲ್ಲಿ ಮತ ಕೇಳುವ ಸಾಲು ಎಂದಿಗೂ ಇಲ್ಲ.

ಪ್ರತಿ ಬರಹದ ಕೆಳಗೆ ಮತದಾರರ ಪಟ್ಟಿಗೆ ಹೆಸರು ಸೇರಿಸುವ ವಿಧಾನ ಇರುತ್ತದೆ, ಓದುಗರು ಯಾರಿಗೆ ಮತ ಹಾಕುವವರಾದರೂ ಸರಿ. ಹೊಸಬರಿಗೆ ನಮೂನೆ 6, ಊರು ಬದಲಿಸಿದವರಿಗೆ ನಮೂನೆ 8. ಅರ್ಹತಾ ದಿನಾಂಕ ವರ್ಷಕ್ಕೆ ನಾಲ್ಕು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಕು, 17 ತುಂಬಿದವರೂ ಮುಂಗಡ ಅರ್ಜಿ ಹಾಕಬಹುದು. ಪದವಿ ಮುಗಿಸಿ ಮೂರು ವರ್ಷವಾದವರು ವಿಧಾನ ಪರಿಷತ್ತಿನ 7 ಪದವೀಧರ ಕ್ಷೇತ್ರಗಳಿಗೆ ನಮೂನೆ 18 ತುಂಬಬೇಕು. ಆ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ತಯಾರಿಸುತ್ತಾರೆ. ಕಳೆದ ಸಲ ಹೆಸರಿದ್ದವರೂ ಮತ್ತೆ ಅರ್ಜಿ ಹಾಕಬೇಕು.