ಮಧ್ಯಾಹ್ನ ಮಾತು ಸಾಕಾಗಿದೆಯಾ? 20 ನಿಮಿಷ ಹೀಗೆ ಕದಿಯಿರಿ

ಬೆಳಿಗ್ಗೆಯಿಂದ ಕೌಂಟರ್‌ನಲ್ಲಿ ಮಾತಾಡಿ ಬಂದ ಅಂತರ್ಮುಖಿಗೆ ಊಟದ ಬಿಡುವೂ ಕೆಲಸವೇ. ಡಬ್ಬಿ ಬಿಚ್ಚುತ್ತಲೇ ಮತ್ತೆ ಹರಟೆ. ತಪ್ಪಿಸಿಕೊಳ್ಳಲು ಹೆಚ್ಚಿನವರು ಮೂಲೆಗೆ ಹೋಗಿ ಮೊಬೈಲ್ ತೆಗೀತಾರೆ. ಅಲ್ಲೂ ಅದೇ ಜನ, ಅದೇ ವಾಟ್ಸ್‌ಆ್ಯಪ್ ಗುಂಪು!

ಮೊದಲು ಊಟ. ಎರಡು ರೊಟ್ಟಿ, ಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ ಸಾಕು. ಹೊಟ್ಟೆ ಬಿರಿಯುವಂತೆ ಅನ್ನ ಬೇಡ.

ಇನ್ನು ಎದ್ದು ಹೋಗೋದು. ಎಲ್ಲರೂ ಎಡವೋದು ಇಲ್ಲೇ. ಸುಮ್ನೆ ಎದ್ದರೆ, ‘ಯಾಕ್ರೀ, ಸಿಟ್ಟಾಗ್ಯಾರೇನು?’ ಅಂತಾರೆ. ತಲೆನೋವು ಅಂತ ಸುಳ್ಳು ಹೇಳಿದರೆ ಮಾತ್ರೆ ಹಿಡ್ಕೊಂಡು ಹಿಂದೆಯೇ ಬರ್ತಾರೆ. ಡಬ್ಬಿ ಬಿಚ್ಚುವ ಮೊದಲೇ ಹೇಳಿಬಿಡಿ: ‘ಉಂಡು ಒಂದು ಸುತ್ತು ಹಾಕಿ ಬರ್ತೀನ್ರಿ, ಎರಡೂವರೆಗೆ ಕೂಡಿ ಚಾ ಕುಡಿಯೂಣು.’ ಹೊತ್ತು ಹೇಳಿದರೆ ಯಾರೂ ಹುಡುಕೋದಿಲ್ಲ, ಚಾ ಅಂದರೆ ಯಾರಿಗೂ ಬೇಜಾರಾಗೋದಿಲ್ಲ. ‘ನಾನೂ ಬರ್ತೀನಿ’ ಅನ್ನೋರು ಒಬ್ಬರು ಇದ್ದೇ ಇರ್ತಾರೆ. ‘ನಾಳಿ ಹೋಗೂಣ್ರಿ’ ಅನ್ನಿ. ನಾಳೆ ನಿಜಕ್ಕೂ ಕರ್ಕೊಂಡು ಹೋಗಿ, ಇಲ್ಲದಿದ್ರೆ ಮುಂದೆ ನಿಮ್ಮ ಮಾತು ನಡೆಯಲ್ಲ. ದಿನಾ ಅದೇ ಹೊತ್ತಿಗೆ ಎದ್ದರೆ ಕೆಲವೇ ದಿನಗಳಲ್ಲಿ ಕೇಳೋದೇ ನಿಲ್ಲುತ್ತೆ.

ಎಲ್ಲಿಗೆ ಹೋಗೋದು? ವಿಜಯಪುರದವರು ಗೋಲಗುಮ್ಮಟದೊಳಗೆ ಮಾತ್ರ ಹೋಗಬೇಡಿ. ಅಲ್ಲಿ ಒಬ್ಬ ಕೂಗಿದರೆ ಅದನ್ನೇ ಮತ್ತೆ ಮತ್ತೆ ಕೇಳಬೇಕು. ಪೇಟೆ ಹತ್ತಿರ ಇರುವವರಿಗೆ ಬಾರಾ ಕಮಾನೇ ಸರಿ. ಎರಡನೇ ಅಲಿ ಆದಿಲ್ ಶಾಹನ ಮುಗಿಯದ ಗೋರಿ ಅದು. ಮೇಲೆ ಛಾವಣಿ ಇಲ್ಲ, ಆದರೂ ಕಮಾನಿನ ಕಪ್ಪು ಕಲ್ಲಿನ ಬುಡದಲ್ಲಿ ಒಬ್ಬರು ಕೂರುವಷ್ಟು ನೆರಳು ಸಿಗುತ್ತೆ. ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ಮುಟ್ಟಿದಾಗ ಈ ಸಾಹಸ ಬೇಡ. ಆಗ ಆಫೀಸಿನ ಹಳೇ ಫೈಲುಗಳ ಕೋಣೆಯೇ ವಾಸಿ.

ಮೊಬೈಲ್ ಡ್ರಾಯರಿನಲ್ಲೇ ಇರಲಿ. ಕೈಗಡಿಯಾರದಲ್ಲಿ ಅಲಾರಂ ಇಟ್ಟು ಕಣ್ಣು ಮುಚ್ಚಿ. ಮಧ್ಯಾಹ್ನದ ತೂಕಡಿಕೆಗೆ ಊಟವೊಂದೇ ಕಾರಣ ಅಲ್ಲ, ದೇಹದ ಗಡಿಯಾರವೂ ಆ ಹೊತ್ತಿಗೆ ತಗ್ಗುತ್ತೆ. ಹಾಗಾಗಿ ನಿದ್ದೆ ಹತ್ತಿದರೆ ತಪ್ಪೇನಿಲ್ಲ, ಆದರೆ 20 ನಿಮಿಷ ದಾಟಬಾರದು. ಅರ್ಧ ಗಂಟೆ ಮೀರಿದರೆ ಗಾಢ ನಿದ್ದೆಗೆ ಜಾರಿ, ಎದ್ದಾಗ ತಲೆ ಇನ್ನೂ ಜಡವಾಗುತ್ತೆ.

ಹುರುಪಿಗೆ ಅಂತ ಡಬ್ಬಿಯ ಎನರ್ಜಿ ಡ್ರಿಂಕ್ ತರಬೇಡಿ. ಸಕ್ಕರೆ ಮತ್ತು ಕೆಫೀನ್‌ಗೆ ದುಬಾರಿ ದುಡ್ಡು, ಅಷ್ಟೇ. ಹೇಳಿದ ಹಾಗೆ ಎರಡೂವರೆಗೆ ಎಲ್ಲರ ಜೊತೆ ಚಾ ಕುಡಿಯಿರಿ, ಒಂದೇ ಕಪ್. ಕೆಫೀನ್ ಅರ್ಧಕ್ಕೆ ಇಳಿಯೋಕೇ ಸುಮಾರು ಐದು ತಾಸು ಬೇಕು. ಸಂಜೆ ಮತ್ತೆ ಯಾರಾದರೂ ಚಾ ಅಂದರೆ ಮಜ್ಜಿಗೆ ಕೇಳಿ.